ತಗ್ಗುತ್ತಿರುವ ತಲೆದಿಂಬು

ಸೆಪ್ಟೆಂಬರ್ ೨೨, ೧೯೫೨, ಸೋಮವಾರ. ಕೊಳ್ಳೇಗಾಲ

ಜರಿ ಮಾರುವವನು ಸಂಕ್ರಾಂತಿಗೆ ಕೊಟ್ಟಿದ್ದ ಈ ಡೈರಿ ಇಷ್ಟು ದಿನ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಇವತ್ತಿನಿಂದ ಬರೆಯುತ್ತೇನೆ. ಮನೆಯಲ್ಲಿ ಏನೋ ನಡೆಯುತ್ತಿದೆ. ಏನು ಎಂದು ಗೊತ್ತಿಲ್ಲ, ಆದರೆ ನಡೆಯುತ್ತಿದೆ. ನೋಡಿದ್ದನ್ನು ಆಯಾ ದಿನವೇ ಬರೆದಿಟ್ಟರೆ ಆಮೇಲೆ ಯಾರೂ ನನ್ನ ಬಾಯಿ ಮುಚ್ಚಿಸುವಂತಿಲ್ಲ. ಬರೆದ ಮೇಲೆ ಪೆಟ್ಟಿಗೆಗೆ ಬೀಗ. ಬೀಗದ ಕೈ ನನ್ನ ಜನಿವಾರದಲ್ಲಿದೆ.

ಮೊದಲು ಆದದ್ದನ್ನು ಬರೆಯುತ್ತೇನೆ. ಈ ತಿಂಗಳ ಮೊದಲಲ್ಲಿ ನಮ್ಮ ಮಗ್ಗದಿಂದ ಒಂದು ಕೆಂಪು ರೇಷ್ಮೆ ಸೀರೆ ಇಳಿಯಿತು. ಮೊಣಕಾಲು ಕೈಕೊಟ್ಟ ಮೇಲೆ ನಾನು ಮಗ್ಗದ ಗುಂಡಿಗೆ ಇಳಿಯುವುದನ್ನು ಬಿಟ್ಟಿದ್ದೇನೆ, ಮಗ ಚೌಡೇಶನೇ ನೇಯುವುದು. ಸೀರೆ ತಲುಪಿಸಬೇಕೆಂದರೆ ಪುಟ್ಟಮಾದಪ್ಪ ಸಾವುಕಾರರು ಮದರಾಸಿಗೆ ಹೋಗಿದ್ದರು. ಅವರ ಗುಮಾಸ್ತ ದೊಡ್ಡಮಾದಪ್ಪನ ಕೈಗೆ ಕೊಟ್ಟು ಬರಲು ನನಗೇನು ಹುಚ್ಚೇ? ಅವರು ಬರುವ ತನಕ ಮನೆಯಲ್ಲೇ ಇಟ್ಟುಕೊಂಡೆ. ಹೊರಗೆ ಜಡಿಮಳೆ. ಕೈಗೆ ಸಿಗುವ ಕಡೆ ಇಟ್ಟರೆ ಯಾರು ಏನು ಮಾಡುತ್ತಾರೋ ಎಂದು, ಒಬ್ಬರಿಗೂ ಹೇಳದೆ, ಹಳೇ ಪಂಚೆಯಲ್ಲಿ ಸುತ್ತಿ ಬಿದಿರು ಬುಟ್ಟಿಗೆ ಹಾಕಿ ಅಡಿಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಸಾವುಕಾರರು ಬಂದ ದಿನ ನಾನೇ ಇಳಿಸಿ ನಾನೇ ಒಯ್ದೆ.

ತಕ್ಕಡಿಗೆ ಹಾಕಿದರೆ ತೂಕ ಕಮ್ಮಿ. ಅವರು ತೂಗಿ ಕೊಟ್ಟ ರೇಷ್ಮೆ ಸೀರೆಯಾಗಿ ತಿರುಗಿ ಬರುವಾಗ ಅಷ್ಟಿಷ್ಟು ಪೋಲಾಗುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಇದು ಅದಕ್ಕೂ ಮೀರಿದ್ದು. ಸಾವುಕಾರರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ನಿಮ್ಮನೇಲೂ ಇಂಗಾ, ನಂಜುಂಡಯ್ಯ?” ಅಂದರು, ಅಷ್ಟೇ. ಕೂಗಾಡಿದ್ದರೆ ಚೆನ್ನಾಗಿತ್ತು.

ಆವತ್ತಿನಿಂದ ನಮಗೆ ಮಗ್ಗದ ಉದ್ದಕ್ಕೆ ಹೂಡುವ ಎಳೆ, ಹೊಸ ಹಾಸು, ಕೊಟ್ಟಿಲ್ಲ. ಮದರಾಸಿನಲ್ಲಿ ಸೀರೆ ಕೇಳುವವರಿಲ್ಲ, ಅದಕ್ಕೇ ಯಾರಿಗೂ ಕೊಡುತ್ತಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಇರಬಹುದು. ನಮ್ಮ ಕಾರಣ ಬೇರೆ. ತೂಕದಲ್ಲಿ ಕದಿಯುವ ಮನೆ ಎಂದು ಒಮ್ಮೆ ಹೆಸರಾದರೆ ಈ ಊರಿನಲ್ಲಿ ಯಾವ ಸಾವುಕಾರನೂ ನಮ್ಮ ಕೈಗೆ ಒಂದು ಎಳೆ ಕೊಡುವುದಿಲ್ಲ. ಆಮೇಲೆ ಮಗ್ಗ ಸೌದೆಗೆ. ದೀಪಾವಳಿಯೊಳಗೆ ಕಳ್ಳರು ಯಾರೆಂದು ಹಿಡಿಯಬೇಕು, ಸಾವುಕಾರರ ಮುಂದೆ ನಿಲ್ಲಿಸಬೇಕು, ಹೆಸರು ಉಳಿಸಿಕೊಳ್ಳಬೇಕು.

ಕದ್ದವರು ಮನೆಯೊಳಗೇ ಇದ್ದಾರೆ. ನಾನಲ್ಲ. ಹೆಂಡತಿ ಸರಸ್ವತಮ್ಮ ಸದ್ಯಕ್ಕೆ ಅಲ್ಲ. ಚೌಡೇಶನಿಗೆ ಕದಿಯುವಷ್ಟು ಚುರುಕಿಲ್ಲ. ಮೊಮ್ಮಗಳು ಚೌಡಿಗೆ ಆರು ವರ್ಷ, ಅವಳನ್ನು ಬಿಟ್ಟಿದ್ದೇನೆ. ಉಳಿದವಳು ಸೊಸೆ ಭಾಗ್ಯಮ್ಮ. ಹನೂರಿನವಳು. ಅವಳ ತವರಿನಲ್ಲಿ ಚರಕ ಇಟ್ಟುಕೊಂಡು ಗೂಡಿನಿಂದ ರೇಷ್ಮೆ ಬಿಚ್ಚುತ್ತಾರೆ. ರೇಷ್ಮೆ ಸಾಗಿಸುವ ದಾರಿ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೆಪ್ಟೆಂಬರ್ ೨೭, ಶನಿವಾರ. ಆಯುಧಪೂಜೆ

ಖಾಲಿ ಮಗ್ಗಕ್ಕೆ ಪೂಜೆ ಮಾಡಿದೆವು. ನನ್ನ ತಿಳುವಳಿಕೆಯಲ್ಲಿ ಹೀಗೆ ಆದದ್ದು ಇದೇ ಮೊದಲು. ನಮ್ಮವರಲ್ಲಿ ಹಬ್ಬದ ದಿನ ಮಗ್ಗದ ಮೇಲೆ ಹಾಸು ಇರಲೇಬೇಕು, ಅರ್ಧ ನೇಯ್ದದ್ದಾದರೂ ಸರಿ. ಈಗ ಇರುವುದು ಅಚ್ಚಿನಲ್ಲಿ ಸಿಕ್ಕಿಸಿ ಬಿಟ್ಟ ಕೆಂಪು ತುದಿಗಳು ಮಾತ್ರ, ಮುಂದಿನ ಹಾಸಿನ ಎಳೆಗಳನ್ನು ಅವಕ್ಕೆ ಗಂಟು ಹಾಕಲೆಂದು ಬಿಟ್ಟವು. ಅದಕ್ಕೇ ಕುಂಕುಮ ಹಚ್ಚಿ ಕೈ ಮುಗಿದೆ. ಚೌಡಿ ಲಾಳಿಗೆ ಚೆಂಡುಹೂವು ಸಿಕ್ಕಿಸಿ, “ತಾತ, ದೀಪಾವಳಿಗೆ ನಂಗೆ ಲಂಗ?” ಅಂದಳು. ನೋಡೋಣ ಅಂದೆ. ನೋಡುವುದಕ್ಕೆ ಏನಿದೆ?

ಮಧ್ಯಾಹ್ನ ನೀರು ಕುಡಿಯಲು ಅಡಿಗೆಮನೆಗೆ ಹೋದರೆ ಅತ್ತೆ ಸೊಸೆ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದರು. ನನ್ನನ್ನು ಕಂಡದ್ದೇ ಬಾಯಿ ಬಂದ್. ಏನು ಮಾತು ಎಂದರೆ, ಮೆಣಸಿನಕಾಯಿ ಖಾರ ಇಲ್ಲ ಅಂತ, ಅಂದಳು ಸರಸ್ವತಮ್ಮ. ಮೆಣಸಿನಕಾಯಿಯ ಬಗ್ಗೆ ಯಾರಾದರೂ ಪಿಸುಮಾತಾಡುತ್ತಾರೆಯೇ? ನನ್ನ ಹೆಂಡತಿಯನ್ನೂ ಅವಳ ಕಡೆ ಎಳೆದುಕೊಂಡಿದ್ದಾಳೆ ಎಂದಾಯಿತು.

ಅಕ್ಟೋಬರ್ ೧, ಬುಧವಾರ

ಕೆಲಸವಿಲ್ಲದ್ದಕ್ಕೆ ಮಧ್ಯಾಹ್ನ ಮಲಗುವ ಅಭ್ಯಾಸವಾಗಿದೆ. ಇವತ್ತು ಮಲಗಿದರೆ ತಲೆದಿಂಬು ತಗ್ಗಾಗಿದೆ ಅನ್ನಿಸಿತು. ಈ ದಿಂಬು ಅಂತಿಂಥದ್ದಲ್ಲ. ಸೀರೆ ಇಳಿಸಿ ಹೊಸ ಹಾಸು ಕೂಡಿಸುವಾಗ ಕತ್ತರಿಸಿ ಉಳಿಯುವ ಗೇಣುದ್ದದ ತುಂಡೆಳೆಗಳು ಸಾವುಕಾರನದಲ್ಲ, ಮನೆಯ ಹೆಂಗಸರದು. ಹಿಂದಿನಿಂದ ನಡೆದು ಬಂದ ಪದ್ಧತಿ ಅದು, ಯಾವ ಸಾವುಕಾರನೂ ಕೇಳುವಂತಿಲ್ಲ. ಬೇರೆ ಮನೆಯವರು ಹೂ ಕಟ್ಟಲೋ ಕುಚ್ಚು ಹಾಕಲೋ ಬಳಸಿ ಮುಗಿಸುತ್ತಾರೆ. ನಮ್ಮವ್ವ ಒಂದೆಳೆಯನ್ನೂ ಬಿಡದೆ ಕೂಡಿಟ್ಟು ನನಗೆ ದಿಂಬು ಮಾಡಿ ಹೊಲಿದಳು. ಅವ್ವ ಹೋದ ಮೇಲೆ ಸರಸ್ವತಮ್ಮ ತುಂಬುತ್ತ ಬಂದಳು. ಅದರ ಮೇಲೆ ತಲೆ ಇಟ್ಟರೆ ತಾಯಿಯ ತೊಡೆಯ ಮೇಲೆ ಇಟ್ಟ ಹಾಗೆ.

ಅಂಥ ದಿಂಬು ತಗ್ಗುತ್ತಿದೆ. ಸರಸ್ವತಮ್ಮನನ್ನು ಕೇಳಿದರೆ, ವಯಸ್ಸಾಯ್ತಲ್ಲ, ನಿಮ್ಮ ತಲೆಯೇ ಭಾರ ಆಗಿರಬೇಕು, ಅಂದಳು. ಹೊಲಿಗೆ ಬಿಚ್ಚಿ ನೋಡುತ್ತೇನೆ ಎಂದೆ. ನಿಮ್ಮವ್ವ ಹಾಕಿದ ಹೊಲಿಗೆಗೆ ಕತ್ತರಿ ಹಾಕುತ್ತೀರಾ ಎಂದಳು. ದಿಂಬನ್ನು ಹಾಗೇ ಕೆಳಗಿಟ್ಟೆ. ಅವಳು ನೋಡಿದ ರೀತಿ ಸರಿಯಿರಲಿಲ್ಲ.

ಅಕ್ಟೋಬರ್ ೪, ಶನಿವಾರ

ಹಿಡಿದೆ. ಹಿಡಿದ ಹಾಗೆಯೇ.

ಭಾಗ್ಯಮ್ಮನ ಅಣ್ಣ ಮಾದಣ್ಣ ಬೆಳಗಿನ ಬಸ್ಸಿಗೆ ಹನೂರಿನಿಂದ ಬಂದ. ಕೈಯಲ್ಲಿ ಒಂದು ಬುಟ್ಟಿ, ಮೇಲೆ ಬಟ್ಟೆ ಮುಚ್ಚಿದೆ. ನಾನು ಜಗುಲಿಯಲ್ಲಿ ಕೂತಿದ್ದೆ. ನಮಸ್ಕಾರ ಮಾಡಿದವನು ಬುಟ್ಟಿಯನ್ನು ನನ್ನ ಕಡೆಯಿಂದ ಆ ಕಡೆಯ ಕೈಗೆ ಬದಲಾಯಿಸಿಕೊಂಡು ಒಳಗೆ ಹೋದ. ನಮ್ಮ ಮನೆಗೆ ಬರುವವನು ನನಗೇ ಬುಟ್ಟಿ ಮರೆಸುತ್ತಾನೆ! ಮೊದಲು ಸುಮ್ಮನಿದ್ದು, ಸ್ವಲ್ಪ ಹೊತ್ತಿನ ಮೇಲೆ ಸುಣ್ಣದ ಡಬ್ಬಿ ಹುಡುಕುವವನ ಹಾಗೆ ಒಳಗೆ ಹೋದೆ. ಬುಟ್ಟಿ ಒಲೆಯ ಪಕ್ಕ ಇತ್ತು. ಬಟ್ಟೆಯ ಅಂಚಿನಿಂದ ಒಂದು ರೇಷ್ಮೆ ಎಳೆ ಹೊರಗೆ ತೂಗುತ್ತಿತ್ತು. ಈ ಕಣ್ಣು ಬೇರೇನನ್ನಾದರೂ ತಪ್ಪು ನೋಡೀತು, ರೇಷ್ಮೆ ಎಳೆಯನ್ನಲ್ಲ.

ಮಾದಣ್ಣ ಊಟ ಮಾಡಿ ಮಧ್ಯಾಹ್ನ ಹೊರಟ. ಬುಟ್ಟಿ ಮತ್ತೆ ಕೈಯಲ್ಲಿ, ಬಟ್ಟೆ ಮತ್ತೆ ಮುಚ್ಚಿದೆ. ಇಲ್ಲಿಂದ ರೇಷ್ಮೆ ಹನೂರಿಗೆ ಹೋಗುತ್ತಿದೆ. ಇದಕ್ಕಿಂತ ಸಾಕ್ಷಿ ಬೇಕೇ? ಅಲ್ಲೇ ಬುಟ್ಟಿ ಕಿತ್ತುಕೊಳ್ಳಬಹುದಿತ್ತು. ಆದರೆ ಬೀದಿಯಲ್ಲಿ ಜನ. ನಮ್ಮ ಮಾನ ನಾವೇ ಬೀದಿಗೆ ಹಾಕಿಕೊಂಡ ಹಾಗಾಗುತ್ತದೆ ಎಂದು ತಡೆದುಕೊಂಡೆ.

ಅಕ್ಟೋಬರ್ ೫, ಭಾನುವಾರ

ದಿಂಬು ಇನ್ನೂ ತಗ್ಗಿದೆ.

ಅಕ್ಟೋಬರ್ ೮, ಬುಧವಾರ

ಚೌಡಿಗೆ ಹುರಿಗಡಲೆ ಕೊಟ್ಟು, ಮಧ್ಯಾಹ್ನ ನಾನು ಮಲಗಿದ ಮೇಲೆ ಅವ್ವ, ಅಜ್ಜಿ ಏನು ಮಾಡುತ್ತಾರೆ ಎಂದು ಕೇಳಿದೆ. ಹುರಿಗಡಲೆ ಎಲ್ಲ ತಿಂದು ಮುಗಿಸಿ, “ಯೋಳ್ಬಾರದು ಅಂತ ಅಜ್ಜಿ ಯೋಳೈತೆ” ಅಂದಳು. ಈ ಮನೆಯ ಹೆಣ್ಣುಗಳು ಹುಟ್ಟುತ್ತಲೇ ಕಲಿತುಕೊಂಡು ಬರುತ್ತವೆ.

ನಿರ್ಧಾರ ಮಾಡಿದ್ದೇನೆ. ಹಬ್ಬಕ್ಕೆ ಮಾದಣ್ಣ ಮತ್ತೆ ಬರುತ್ತಾನೆ ಎಂದು ಕಿವಿಗೆ ಬಿದ್ದಿದೆ. ಅವನು ಬಂದ ದಿನವೇ ಹೇಳುತ್ತೇನೆ: ನಿನ್ನ ತಂಗಿಯನ್ನು ಕರೆದುಕೊಂಡು ಹೋಗು. ತವರಿನಲ್ಲಿ ಇರಲಿ. ಆಮೇಲೆ ಸಾವುಕಾರರ ಹತ್ತಿರ ಹೋಗಿ, ಕಸ ಗುಡಿಸಿದ್ದೇನೆ, ಇನ್ನು ನಂಬಿ ಹಾಸು ಕೊಡಿ ಎನ್ನುತ್ತೇನೆ. ಚೌಡಿ ಅಳುತ್ತಾಳೆ. ಚೌಡೇಶ ಎದುರು ಮಾತಾಡಬಹುದು. ಆಡಲಿ. ಮಗ್ಗ ಉಳಿಯಬೇಕೋ ಬೇಡವೋ?

ಬರೆದ ಮೇಲೆ ಓದಿಕೊಂಡೆ. ಸರಿಯಾಗಿಯೇ ಇದೆ. ಊಟ ಮಾತ್ರ ಸೇರಲಿಲ್ಲ. ಭಾಗ್ಯಮ್ಮ ಬಸ್ಸಾರು ಚೆನ್ನಾಗಿ ಮಾಡುತ್ತಾಳೆ, ಅದು ಬೇರೆ ವಿಷಯ.

ಅಕ್ಟೋಬರ್ ೧೧, ಶನಿವಾರ

ದಿಂಬು ಇದ್ದಕ್ಕಿದ್ದ ಹಾಗೆ ಮೊದಲಿನ ಎತ್ತರಕ್ಕೆ ಬಂದಿದೆ. ಆದರೆ ತಲೆ ಇಟ್ಟರೆ ಒಳಗೆ ಕರಕರ ಎನ್ನುತ್ತದೆ. ಇಲಿ ಹೊಕ್ಕಿರಬೇಕು, ಇಲ್ಲವೇ ಯಾರೋ ಏನೋ ಬಚ್ಚಿಟ್ಟಿದ್ದಾರೆ. ಕೇಳಿದರೆ ಸರಸ್ವತಮ್ಮ, ಬಿಸಿಲಿಗೆ ಹಾಕಿದ್ದೆ, ಒಣಗಿದೆ, ಎಂದಳು. ರೇಷ್ಮೆ ಒಣಗಿದರೆ ಕರಕರ ಎನ್ನುತ್ತದೆಯೇ? ನೇಕಾರನಿಗೆ ಈ ಮಾತು ಹೇಳುತ್ತಾಳಲ್ಲ.

ಅದರ ಮೇಲೆ ಇನ್ನೊಂದು. ಯಳಂದೂರಿನಲ್ಲಿ ನನ್ನ ತಂಗಿ ಕೆಂಪಾಜಮ್ಮ ಇದ್ದಾಳೆ. ಅವಳಿಗೆ ಮೈಗೆ ಹುಷಾರಿಲ್ಲವಂತೆ, ಹೋಗಿ ಹಬ್ಬದ ಹಿಂದಿನ ದಿನದ ತನಕ ಇದ್ದು ಬನ್ನಿ ಎಂದು ಸರಸ್ವತಮ್ಮ ಬೆನ್ನು ಹತ್ತಿದ್ದಾಳೆ. ಮೂವತ್ತು ವರ್ಷದಲ್ಲಿ ನನ್ನನ್ನು ಎಲ್ಲಿಗೂ ಹೋಗು ಎಂದವಳಲ್ಲ. ಚೌಡೇಶನೂ, ನನ್ನ ಮೊಣಕಾಲು ಕಂಡೂ, ಹೋಗಿ ಬಾಪ್ಪ ಎನ್ನುತ್ತಾನೆ. ಎಲ್ಲರೂ ಸೇರಿ ನನ್ನನ್ನು ಸಾಗಹಾಕುತ್ತಿದ್ದಾರೆ. ಹೋಗುತ್ತೇನೆ. ಆದರೆ ಅವರು ಹೇಳಿದ ದಿನ ಬರುವುದಿಲ್ಲ.

ಅಕ್ಟೋಬರ್ ೧೩, ಸೋಮವಾರ. ಯಳಂದೂರು

ಡೈರಿಯನ್ನು ಜೊತೆಯಲ್ಲೇ ತಂದಿದ್ದೇನೆ. ನಮ್ಮ ಮದರಾಸು ರಾಜ್ಯದ ಗಡಿ ಮುಗಿದು ಮೈಸೂರು ಸೀಮೆಗೆ ಕಾಲಿಡುವ ಕಡೆ ಬಸ್ಸು ನಿಲ್ಲಿಸಿ ಒಬ್ಬ ಪೊಲೀಸಿನವನು ಎಲ್ಲರ ಚೀಲ ತಡವಿದ, ಅಕ್ಕಿ ಸಾಗಿಸುತ್ತಾರೆ ಎಂದು. ನನ್ನ ಚೀಲದಲ್ಲಿ ಒಂದು ಪಂಚೆ, ಈ ಡೈರಿ, ತಂಗಿಗೆ ತಂದ ವೀಳ್ಯದೆಲೆ. ಮೂರನ್ನೂ ಎತ್ತಿ ನೋಡಿ, ಮತ್ತೆ ನನ್ನ ಮುಖ ನೋಡಿ, ಇನ್ನೂ ಏನೋ ಇದೆ ಎನ್ನುವವನ ಹಾಗೆ ಸೊಂಟ ತಡವಿದ. ಏನೂ ಮಾಡದವನನ್ನು ಹೀಗೆ ನೋಡಿದರೆ ಎಷ್ಟು ಉರಿಯುತ್ತದೆ ಎಂದು ಅಂಥವರಿಗೆ ತಿಳಿಯುವುದೇ ಇಲ್ಲ.

ಕೆಂಪಾಜಮ್ಮ ಗಟ್ಟಿಮುಟ್ಟಾಗಿ ಹಿತ್ತಿಲಲ್ಲಿ ಗೆಣಸು ಕೀಳುತ್ತಿದ್ದಳು. ಹುಷಾರಿಲ್ಲವಂತಲ್ಲ ಎಂದರೆ ಮೊದಲು ಕಣ್ಣು ಬಿಟ್ಟಳು, ಆಮೇಲೆ ಏನೋ ಜ್ಞಾಪಕ ಬಂದ ಹಾಗೆ ಕೆಮ್ಮಿದಳು. ಇವಳೂ ಆ ಪಕ್ಷವೇ.

ಸೊಸೆಯ ವಿಷಯ ಅವಳ ಹತ್ತಿರ ಬಾಯಿಬಿಟ್ಟೆ. ಬೆಂದ ಗೆಣಸಿನ ಸಿಪ್ಪೆ ತೆಗೆದು ನನ್ನ ತಟ್ಟೆಗೆ ಹಾಕುತ್ತ, “ಅಣ್ಣ, ನೀನು ಕಳ್ರನ್ನ ಉಡುಕ್ತಾ ಉಡುಕ್ತಾ ಮನೆಯೋರ್ನೆಲ್ಲ ಕಳ್ಕಂಡೀಯ, ನೋಡ್ಕ” ಎಂದಳು. ಅವಳಿಗೆ ಏನು ಗೊತ್ತು. ಮಗ್ಗದ ಮನೆ ಬಿಟ್ಟು ಬಂದು ಬೇಸಾಯಗಾರರ ಮನೆ ಸೇರಿ ಎಷ್ಟೋ ವರ್ಷವಾಯಿತು.

ನಿದ್ದೆ ಸರಿಯಿಲ್ಲ. ಇಲ್ಲಿಯ ದಿಂಬು ಬೇರೆ.

ಅಕ್ಟೋಬರ್ ೧೫, ಬುಧವಾರ. ಕೊಳ್ಳೇಗಾಲ

ಇವತ್ತಿನದನ್ನು ಇವತ್ತೇ ಬರೆಯಬೇಕು.

ನಾಳೆ ಬರುವವನು ಇವತ್ತೇ ಹೊರಟು ಬಂದೆ. ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡೆ. ಈ ರೇಷ್ಮೆ ಎಲ್ಲಿಂದ ಬಂತು. ಆವತ್ತು ಸೀರೆಯಲ್ಲಿ ಕಮ್ಮಿ ಬಂದದ್ದು ಇದೇ ತಾನೇ. ಹನೂರಿನ ಹೆಣ್ಣು ತಂದದ್ದಕ್ಕೆ ಇದಾಯಿತು. ಈ ಮೂರು ಮಾತು, ಹಿಂದೆ ಮುಂದೆ ಇಲ್ಲ.

ಬಸ್ಸು ಇಳಿದರೆ ಗುಮಾಸ್ತ ದೊಡ್ಡಮಾದಪ್ಪ ಎದುರಾದ. ಸಾವುಕಾರರು ನಮ್ಮ ಬೀದಿಯ ಕಡೆ ಕಳಿಸಿದ್ದಾರೆ, ಯಾರ ಯಾರ ಮಗ್ಗ ನಿಂತಿದೆ ನೋಡಿಕೊಂಡು ಬರಬೇಕು ಎಂದು ನನ್ನ ಜೊತೆಯಲ್ಲೇ ಹೆಜ್ಜೆ ಹಾಕಿದ. ಬೇಡ ಎನ್ನಲಾಗಲಿಲ್ಲ. ನಮ್ಮ ಮನೆ ಇನ್ನೂ ನಾಲ್ಕು ಬಾಗಿಲು ಇರುವಾಗಲೇ ಮಗ್ಗದ ಸದ್ದು ಕೇಳಿಸಿತು. ಖಾಲಿ ಮಗ್ಗ ಸದ್ದು ಮಾಡುವುದಿಲ್ಲ. ನಾನು ನಿಂತೆ, ಅವನೂ ನಿಂತ. ಇಬ್ಬರಿಗೂ ಕೇಳಿಸಿತ್ತು.

ಒಳಗೆ ಹೋದರೆ ಚೌಡೇಶ ಗುಂಡಿಯಲ್ಲಿ ಕೂತು ಲಾಳಿ ಎಸೆಯುತ್ತಿದ್ದಾನೆ. ಸರಸ್ವತಮ್ಮ, ಭಾಗ್ಯಮ್ಮ ಕಾಲು ಚಾಚಿ ಕೂತು ಎಳೆಗೆ ಎಳೆ ಗಂಟು ಹಾಕುತ್ತಿದ್ದಾರೆ. ಚೌಡಿ ಬಣ್ಣ ಬಣ್ಣದ ತುಂಡುಗಳನ್ನು ಬೇರೆ ಬೇರೆ ಮಾಡಿ ಮೊರದಲ್ಲಿ ಇಡುತ್ತಿದ್ದಾಳೆ. ಗೋಡೆಯ ಪಕ್ಕದಲ್ಲಿ ನನ್ನ ತಲೆದಿಂಬು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ, ಒಳಗಿನಿಂದ ರಾಗಿ ಹುಲ್ಲು ಕಾಣುತ್ತಿದೆ. ನನ್ನನ್ನು ಕಂಡು ಎಲ್ಲರ ಕೈ ನಿಂತಿತು. ನಾನು ಬಾಯಿ ತೆಗೆದೆ.

ಅಷ್ಟರಲ್ಲಿ ಬೆನ್ನ ಹಿಂದಿನಿಂದ ದೊಡ್ಡಮಾದಪ್ಪನ ಗಂಟಲು. “ಅಲ್ಲಾ, ನಾವು ಆಸು ಕೊಟ್ಟಿಲ್ಲ. ಈ ರೇಸ್ಮೆ ಎಲ್ಲಿಂದ ಬಂತು? ಆವತ್ತು ಸೀರೇಲಿ ಕಮ್ಮಿ ಬಂದಿದ್ದು ಇದೇಯ? ಅನೂರಿನ ಎಣ್ಣು ತಂದ್ಕಂಡ್ರಲ್ಲ, ಆವತ್ತೇ ಅಂದ್ಕಂಡೆ.”

ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಮಾತುಗಳೇ. ಒಂದೂ ಬಿಡದೆ ಅವನೇ ಆಡಿಬಿಟ್ಟ. ಅವನ ಬಾಯಲ್ಲಿ ಕೇಳಿ ನನಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಭಾಗ್ಯಮ್ಮನ ಮುಖ ನೋಡಿದೆ. ಅವಳು ಅವನ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು. ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು. ಆ ಮುಖವನ್ನು ನಾನು ಮರೆಯಲಾರೆ.

ಮಗ್ಗದ ಹತ್ತಿರ ಹೋಗಿ ಬಗ್ಗಿ ಬಟ್ಟೆಯ ಮೇಲೆ ಕೈಯಾಡಿಸಿದೆ. ಗೇಣಿಗೊಂದು ಗಂಟು ಬೆರಳಿಗೆ ಸಿಕ್ಕಿತು. ಒಂದು ಗಿಳಿಹಸಿರು ಗೆರೆ ಬಂದು ನಿಂತಿತು. ಚೌಡೇಶ ಹುಟ್ಟಿದ ವರ್ಷ ನಾನು ನೇಯ್ದ ಸೀರೆಯ ಬಣ್ಣ ಅದು. ಅದರ ಪಕ್ಕ ಬದನೆಹೂವಿನ ಬಣ್ಣ, ಕೆಂಪಾಜಮ್ಮನ ಮದುವೆಯದು. ಅದರಾಚೆ ಅರಿಶಿನ, ಅಪ್ಪ ಸಾಯುವ ಮುಂಚೆ ಕೊನೆಯದಾಗಿ ನೇಯ್ದದ್ದು. ನಮ್ಮ ಮನೆಯಿಂದ ಹೊರಗೆ ಹೋದ ಸೀರೆಗಳೆಲ್ಲ ಗಂಟು ಹಾಕಿಕೊಂಡು ತಿರುಗಿ ಬಂದಿದ್ದವು.

“ದೊಡ್ಡಮಾದಪ್ಪ, ಇಲ್ಲಿ ಕೈ ಇಕ್ಕಿ ನೋಡು” ಎಂದೆ. “ಗೇಣಿಗೊಂದು ಗಂಟು. ಕದ್ದೋನು ಇಂಗೆ ಗಂಟು ಆಕ್ಕಂಡು ಕೂತಿರ್ತಾನಾ? ಇದು ನಮ್ಮವ್ವನ ದಿಂಬು. ಇವಳು ನಮ್ಮನೆ ಸೊಸೆ. ಇನ್ನೊಂದ್ ಮಾತು ಆಡ್ಬ್ಯಾಡ.”

ಅವನು ಬಗ್ಗಿ ಮುಟ್ಟಿ ನೋಡಿದ. ಅಡ್ಡಕ್ಕೆ ಹಾಕಿದ ಹೊಕ್ಕು ಗಂಟಿನದು, ಸರಿ, ಹಾಸು ಯಾರದು ಎಂದ. ಭಾಗ್ಯಮ್ಮನ ತಾಯಿ ಚರಕದಲ್ಲಿ ಬಿಚ್ಚಿದ ಒರಟು ರೇಷ್ಮೆ, ಮೊಮ್ಮಗಳಿಗೆ ಹಬ್ಬಕ್ಕೆ ಕಳಿಸಿದ್ದು, ಎಂದ ಚೌಡೇಶ. ಮಾದಣ್ಣನ ಬುಟ್ಟಿ! ರೇಷ್ಮೆ ಇಲ್ಲಿಂದ ಹೋಗುತ್ತಿರಲಿಲ್ಲ, ಇಲ್ಲಿಗೆ ಬರುತ್ತಿತ್ತು. ಆವತ್ತು ವಾಪಸು ಹೋದ ಬುಟ್ಟಿಯಲ್ಲಿ ಏನಿತ್ತು ಎಂದು ಆಮೇಲೆ ಕೇಳಿದೆ. ನಮ್ಮ ಮನೆಯ ನಾಲ್ಕು ಮಾವಿನ ಉಪ್ಪಿನಕಾಯಿ ಹೋಳು.

ದೊಡ್ಡಮಾದಪ್ಪ ಬಟ್ಟೆ ಬಿಟ್ಟರೂ ಮಾತು ಬಿಡಲಿಲ್ಲ. ಹಾಗಾದರೆ ಆ ಕೆಂಪು ಸೀರೆಯ ತೂಕ ಎಲ್ಲಿ ಹೋಯಿತು ಎಂದ. ಸರಸ್ವತಮ್ಮ ಕೈಯಲ್ಲಿದ್ದ ಎಳೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ಸಾವ್ಕಾರ್ರು ಬರೋಗಂಟ ಸೀರೆ ಎಲ್ಲಿಕ್ಕಿದ್ರಿ?”

“ಅಟ್ಟದ ಮ್ಯಾಲೆ.”

“ಯಾವ ಅಟ್ಟ? ಒಲೆ ಮ್ಯಾಲಿಂದಾ?”

ನನಗೆ ಆಗ ಹೊಳೆಯಿತು. ಅವರು ರೇಷ್ಮೆ ತೂಗಿ ಕೊಟ್ಟದ್ದು ಮಳೆ ಹಿಡಿದ ದಿನ. ಥಂಡಿಯಲ್ಲಿ ರೇಷ್ಮೆ ನೀರು ಕುಡಿದು ತೂಗುತ್ತದೆ. ಅದೇ ರೇಷ್ಮೆಯನ್ನು ಅಷ್ಟು ದಿನ ಒಲೆಯ ಕಾವಿಗೆ ಇಟ್ಟರೆ ಕುಡಿದದ್ದೆಲ್ಲ ಆರಿ ಹೋಗುತ್ತದೆ. ಹಾಲು ಕುಡಿಯುವ ಮಗುವಿಗೂ ನಮ್ಮ ಬೀದಿಯಲ್ಲಿ ಇದು ಗೊತ್ತು. ನನಗೂ ಗೊತ್ತಿತ್ತು. ಕಳ್ಳರ ಕಡೆ ಕಣ್ಣು ನೆಟ್ಟು ಕೂತವನಿಗೆ ಅದು ಜ್ಞಾಪಕಕ್ಕೇ ಬಂದಿರಲಿಲ್ಲ.

ಮೊದಲು ನಕ್ಕವನು ದೊಡ್ಡಮಾದಪ್ಪ. ಆಮೇಲೆ ಚೌಡೇಶ ಗುಂಡಿಯೊಳಗೇ ಬಗ್ಗಿ ನಕ್ಕ. ಸರಸ್ವತಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಭಾಗ್ಯಮ್ಮ ಒಬ್ಬಳು ನಗದೆ ಎದ್ದು ಹೋಗಿ ನನಗೆ ಮಜ್ಜಿಗೆ ತಂದು ಕೊಟ್ಟಳು. ನನ್ನಿಂದ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. ನಿಮಗೆ ಹೇಳಿದ್ದರೆ ಬಿಡುತ್ತಿದ್ದಿರಾ, ಸಾವುಕಾರರು ಕಂಡರೆ ಕಳ್ಳರೆನ್ನುತ್ತಾರೆ ಎಂದು ಮಗ್ಗಕ್ಕೆ ಬೀಗ ಹಾಕುತ್ತಿದ್ದಿರಿ, ಎಂದಳು ಸರಸ್ವತಮ್ಮ. ದೀಪಾವಳಿಯ ದೀಪವನ್ನು ಖಾಲಿ ಮಗ್ಗಕ್ಕೆ ಇಡಬಾರದು, ಚೌಡಿಗೂ ಒಂದು ಲಂಗವಾಗಲಿ ಎಂದು ಇದನ್ನೆಲ್ಲ ಹೂಡಿದವಳು ಭಾಗ್ಯಮ್ಮ. ದಿಂಬಿನ ಉಪಾಯ ಮಾತ್ರ ನನ್ನ ಹೆಂಡತಿಯದು.

ಮಜ್ಜಿಗೆ ಕುಡಿದು ಲೋಟ ಕೊಡುವಾಗ ಭಾಗ್ಯಮ್ಮನಿಗೆ ಏನಾದರೂ ಹೇಳಬೇಕು ಅನ್ನಿಸಿತು. “ದಿಂಬಲ್ಲಿ ಉಲ್ಲು ಚುಚ್ತದೆ ಕಣವ್ವ” ಎಂದೆ. “ಅಬ್ಬ ಕಳೀಲಿ ಮಾವ, ಬೂರುಗದ ಅತ್ತಿ ತುಂಬ್ಕೊಡ್ತೀನಿ” ಎಂದಳು.

ಆಮೇಲೆ ನಾನೂ ಗಂಟು ಹಾಕಲು ಕೂತೆ. ಹೆಂಗಸರು ಹಾಕುವ ಗಂಟು ದಪ್ಪ, ನೋಡಲಾಗಲಿಲ್ಲ. ಒಂದೊಂದು ಬಣ್ಣ ಕೈಗೆ ಬಂದಾಗಲೂ ಚೌಡಿ ಇದು ಯಾವುದು ತಾತ ಎನ್ನುವಳು, ಯಾವ ಸೀರೆ, ಯಾರ ಮದುವೆ, ಆವತ್ತು ಮನೆಯಲ್ಲಿ ಏನಾಯಿತು ಎಂದು ನಾನು ಹೇಳುವೆ. ಅವ್ವ ಅಪ್ಪನ ಮೇಲೆ ಮುನಿಸಿಕೊಂಡು ಎರಡು ದಿನ ಲಾಳಿಗೆ ಹಾಕುವ ಕಂಡಿಕೆ ಸುತ್ತದೆ ಕೂತ ಕತೆ ಹೇಳಿದಾಗ ಭಾಗ್ಯಮ್ಮನೂ ನಕ್ಕಳು. ಅವಳಿಗೆ ಹೀಗೆ ಜೋರಾಗಿ ನಗಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಾದದ್ದೇ ತಿಳಿಯಲಿಲ್ಲ.

ಅಕ್ಟೋಬರ್ ೧೬, ಗುರುವಾರ

ಸಾವುಕಾರರ ಅಂಗಡಿಗೆ ಹೋದೆ. ದೊಡ್ಡಮಾದಪ್ಪ ಆಗಲೇ ಎಲ್ಲ ಹೇಳಿ ನಗಿಸಿದ್ದ. ಕೆಂಪು ಸೀರೆ ಇನ್ನೂ ಮಾರಾಟವಾಗದೆ ಅವರ ಥಂಡಿ ಕೋಣೆಯಲ್ಲೇ ಇತ್ತು. ಮತ್ತೆ ತೂಗಿದರು. ಸರಿಯಾಗಿದೆ. ಸಾವುಕಾರರು ಕನ್ನಡಕ ಒರೆಸಿಕೊಂಡು, “ನಮ್ದೂ ತಪ್ಪೇ, ನಂಜುಂಡಯ್ಯ” ಅಂದರು. ಹಾಸು ಮಾತ್ರ ಈಗ ಯಾರಿಗೂ ಇಲ್ಲವಂತೆ, ಕಾರ್ತಿಕ ಕಳೆಯಲಿ, ಮದರಾಸಿನಿಂದ ಸುದ್ದಿ ಬಂದರೆ ಮೊದಲು ನಿಮಗೇ ಎಂದರು. ಮೊದಲು ನಮಗೇ ಎಂದು ಎಷ್ಟು ಜನಕ್ಕೆ ಹೇಳಿದ್ದಾರೋ. ಆದರೂ ಬೀದಿಯಲ್ಲಿ ತಲೆ ಎತ್ತಿ ಬಂದೆ.

ಅಕ್ಟೋಬರ್ ೧೭, ಶುಕ್ರವಾರ. ನರಕ ಚತುರ್ದಶಿ

ಬೆಳಗಿನ ಜಾವಕ್ಕೆ ಎಣ್ಣೆ ನೀರು. ಸರಸ್ವತಮ್ಮ ನೆತ್ತಿಗೆ ಎಣ್ಣೆ ಒತ್ತುವಾಗ ಜನಿವಾರ ತೊಡಕಾಗುತ್ತದೆ ಎಂದು ಬೀಗದ ಕೈ ಬಿಚ್ಚಿ ಎಲ್ಲೋ ಇಟ್ಟೆ. ಹುಡುಕಬೇಕು.

ಪಟಾಕಿ ಇಲ್ಲ. ಹೊಸ ಬಟ್ಟೆ ಮಗ ಸೊಸೆಗೂ ಇಲ್ಲ, ನಮಗೂ ಇಲ್ಲ. ಮಾದಣ್ಣ ಬುಟ್ಟಿಯಲ್ಲಿ ಬೆಲ್ಲ, ಒಂದಿಷ್ಟು ಎಣ್ಣೆ ತಂದಿದ್ದ, ಅದರಲ್ಲಿ ಕಜ್ಜಾಯವಾಯಿತು. ಕೆಂಪಾಜಮ್ಮ ಕಟ್ಟಿಕೊಟ್ಟ ಗೆಣಸು ಬೇಯಿಸಿದರು. ಹಿಂದೆ ಮನೆ ತುಂಬ ಇದ್ದ ಹಬ್ಬದಲ್ಲೂ ನಾನು ಇಷ್ಟು ಹೊತ್ತು ಎಲೆಯ ಮುಂದೆ ಕೂತದ್ದಿಲ್ಲ. ಚೌಡೇಶ, ಯಳಂದೂರಿನಲ್ಲಿ ಅತ್ತೆ ಕೆಮ್ಮಿದಳಾ ಎಂದು ಕೇಳಿದ, ನಾನು ಕೆಮ್ಮಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸಂತೋಷವಾಯಿತು. ಸಂತೋಷವಾಯಿತು ಎಂದೇ ಬರೆಯುತ್ತೇನೆ.

ಲಂಗಕ್ಕೆ ಬೇಕಾದಷ್ಟನ್ನು ಕತ್ತರಿಸಿಕೊಂಡು ಉಳಿದ ಹಾಸನ್ನು ಮಗ್ಗದ ಮೇಲೆಯೇ ಬಿಟ್ಟಿದ್ದಾರೆ, ನಾಳೆ ಅಮಾವಾಸ್ಯೆಯ ದೀಪಕ್ಕೆ. ಚೌಡಿ ಲಂಗ ತೊಟ್ಟು ಬೀದಿಯ ಈ ತುದಿಯಿಂದ ಆ ತುದಿಗೆ ಓಡಿದಳು. ಅಷ್ಟು ಬಣ್ಣದ ಲಂಗ ಸಾವುಕಾರರ ಮೊಮ್ಮಕ್ಕಳಿಗೂ ಇಲ್ಲ. ಗಂಟು ಚುಚ್ಚುವುದಿಲ್ಲವೇ ಎಂದೆ. “ಚುಚ್ತದೆ, ಆದ್ರೂ ಬಿಚ್ಚಾಕಿಲ್ಲ” ಅಂದಳು.

ಅಕ್ಟೋಬರ್ ೧೯, ಭಾನುವಾರ. ಬಲಿಪಾಡ್ಯಮಿ

ಮಾದಣ್ಣ ಹೊರಡುವಾಗ, ತಂಗಿಯನ್ನೂ ಚೌಡಿಯನ್ನೂ ನಾಲ್ಕು ದಿನದ ಮಟ್ಟಿಗೆ ಹನೂರಿಗೆ ಕರೆದುಕೊಂಡು ಹೋಗುತ್ತೇನೆ, ಅಮ್ಮ ಆಸೆಪಟ್ಟಿದ್ದಾರೆ ಎಂದ. ಯಾಕೆ? ಈಗಲೇ ಯಾಕೆ? ಮನೆಯಲ್ಲಿ ಹುಷಾರಿಲ್ಲವೇ ಎಂದು ಕೇಳಿದೆ, ಎಲ್ಲರೂ ಚೆನ್ನಾಗಿದ್ದಾರೆ ಎಂದ. ಚೆನ್ನಾಗಿದ್ದರೆ ಕರೆಯುವುದೇತಕ್ಕೆ? ಕರೆದುಕೊಂಡು ಹೋದವರು ಹೇಳಿದ ದಿನ ಕಳಿಸುತ್ತಾರೆ ಎಂದು ಏನು ಭರವಸೆ? ಸರಸ್ವತಮ್ಮ ಕಣ್ಣು ಕೆಂಪಗೆ ಮಾಡಿದ್ದಕ್ಕೆ ಒಪ್ಪಿದೆ. ಬಸ್ಸು ಹತ್ತುವಾಗ ಮಾದಣ್ಣ ನನ್ನ ಕಡೆ ನೋಡಿ ನಕ್ಕ. ಆ ನಗೆ ನನಗೆ ಹಿಡಿಸಲಿಲ್ಲ.

ಅಕ್ಟೋಬರ್ ೨೧, ಮಂಗಳವಾರ

ಮನೆಯಲ್ಲಿ ಸದ್ದೇ ಇಲ್ಲ. ಯಾರೂ ಗುಸುಗುಸು ಎನ್ನುವುದಿಲ್ಲ. ಸರಸ್ವತಮ್ಮ ಮಾಡಿದ ಬಸ್ಸಾರು ಬಸ್ಸಾರಿನ ಹಾಗಿಲ್ಲ. ಸುಮ್ಮನೆ ಕಾಲು ಆಡಲಿ ಎಂದು ಬಸ್ ಸ್ಟ್ಯಾಂಡಿನ ಕಡೆ ಹೋಗಿ ಬಂದೆ. ಹನೂರು ಬಸ್ಸು ಬಂತು, ಅವರು ಇಳಿಯಲಿಲ್ಲ. ಕಂಡಕ್ಟರನನ್ನು ಕೇಳಿದರೆ ನನಗೇನು ಗೊತ್ತು ಎಂದ. ಏನೋ ಮುಚ್ಚಿಡುತ್ತಿದ್ದಾನೆ.

ಅಕ್ಟೋಬರ್ ೨೩, ಗುರುವಾರ

ಬಂದರು. ಹೇಳಿದ ದಿನವೇ ಬಂದರು. ಚೌಡಿ ಅದೇ ಲಂಗದಲ್ಲಿ ಇಳಿದಳು. ಭಾಗ್ಯಮ್ಮನ ಕೈಯಲ್ಲಿ ಒಂದು ಬುಟ್ಟಿ, ಮೇಲೆ ಬಟ್ಟೆ ಮುಚ್ಚಿದೆ. ಕೊಡವ್ವ, ಭಾರ ಇದೆ ಎಂದು ಇಸಿದುಕೊಂಡು ನಾನೇ ಹೊತ್ತು ತಂದೆ.

ಮಲಗಲು ಬಂದಿದ್ದೇನೆ. ಹತ್ತಿ ತುಂಬಲು ದಿಂಬು ಕೇಳಿದಳು, ಇನ್ನೊಂದು ದಿನ ಇರಲಿ ಎಂದೆ, ಕರಕರ ಅಭ್ಯಾಸವಾಗಿದೆ. ಬೀಗದ ಕೈ ಇನ್ನೂ ಸಿಕ್ಕಿಲ್ಲ, ಡೈರಿ ಮಗ್ಗದ ಮೇಲೆಯೇ ಇರಲಿ. ಅಡಿಗೆಮನೆಯಲ್ಲಿ ಅತ್ತೆ ಸೊಸೆ ಮತ್ತೆ ತಲೆಗೆ ತಲೆ ಕೊಟ್ಟು ಪಿಸುಪಿಸು ಎನ್ನುತ್ತಿದ್ದಾರೆ, ನಡುನಡುವೆ ನಗು. ನನ್ನ ವಿಷಯವೇ ಇರಬೇಕು. ಕಣ್ಣು ಎಳೆಯುತ್ತಿದೆ.